ಕಾಲೆತ್ತಿದಾಗ ಕೇಳುವ ಸದ್ದು

ಸುದ್ದಿ ತಂದವನು ಎದುರಿನ ಚಹಾದಂಗಡಿಯವನು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಗ್ಯಾರೇಜಿನ ಅಂಗಳದಲ್ಲಿ ಒಂದು ಲಾರಿ ಗುಡುಗುತ್ತ ನಿಂತಿತ್ತು. ಮೇಸ್ತ್ರಿ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಒತ್ತಿಕೊಂಡು ತನ್ನ ಭಾವನ ದಾರಿ ಕಾಯುತ್ತಿದ್ದ. ಚಹಾದವನು ಎರಡು ಸಲ ಕೂಗಿದ. "ತಡಿಯಪ್ಪಾ, ಕೇಳಿಸ್ಕೊಳ್ತಿದೀನಿ" ಎಂದು ಮೇಸ್ತ್ರಿ ಕೈಬೀಸಿದ. ಕೊನೆಗೆ ಚಹಾದವನೇ ಕ್ಯಾಬಿನ್ ಹತ್ತಿ ಎಂಜಿನ್ ನಿಲ್ಲಿಸಿ ಹೇಳಿದ: "ನಿಮ್ಮ ಭಾವ ಹೋಗ್ಬಿಟ್ರು ಅಣ್ಣಾ. ನಿದ್ದೇಲೇ."

ಹೋದವನು ನನ್ನ ತಂಗಿಯ ಮಗ. ಅವನ ವಿಷಯ ಬರೆಯಲು ಇನ್ನೂ ಕೈ ಏಳುವುದಿಲ್ಲ. ಉಳಿದವನ, ಆ ಮೇಸ್ತ್ರಿಯ ವಿಷಯ ಬರೆಯುತ್ತೇನೆ.

ಚಾಲಕರು ಅವನನ್ನು ಕಿವಿಯಣ್ಣ ಎನ್ನುತ್ತಾರೆ. ಎಂಜಿನ್ ಬಿಚ್ಚುವ ಮೊದಲೇ ಬೇಡದ ಸದ್ದು ಎಲ್ಲಿ ಹುಟ್ಟುತ್ತಿದೆ ಎಂದು ಹೇಳುವುದು ಅವನ ಕೆಲಸ. ಕ್ಯಾಬಿನ್ ನಡುಗಿದರೆ ಮೊದಲು ಎಂಜಿನ್ ಕೂತಿರುವ ರಬ್ಬರುಗಳನ್ನು ಮುಟ್ಟಿ ನೋಡುತ್ತಾನೆ. ಬಡಿತವಿದ್ದರೆ ಡೀಸೆಲ್ ಕೊಳವೆಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಾನೆ. ಯಾವ ಸಿಲಿಂಡರಿಗೆ ಡೀಸೆಲ್ ನಿಂತಾಗ ಬಡಿತ ಮೆತ್ತಗಾಗುತ್ತದೋ ರೋಗ ಅಲ್ಲಿದೆ. ಸವೆಯತೊಡಗಿದ ಬೇರಿಂಗು ಮಾತ್ರ ಅಷ್ಟು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ವೇಗ ಏರಿಸಿ, ಅಲುಗದಂತೆ ಹಿಡಿದು, ಆಕ್ಸಿಲರೇಟರಿನಿಂದ ಥಟ್ಟನೆ ಕಾಲೆತ್ತಬೇಕು. ಎತ್ತಿದ ಆ ಗಳಿಗೆಯಲ್ಲಷ್ಟೇ ಅದು ಟಕಟಕ ಎನ್ನುತ್ತದೆ.

ಆದ್ದರಿಂದ ಇದು ಇಬ್ಬರ ಕೆಲಸ. ಕೆಳಗೆ ಇವನ ಕಿವಿ, ಮೇಲೆ ಭಾವನ ಕಾಲು. ಆ ಗದ್ದಲದಲ್ಲಿ ಮಾತು ನಡೆಯದು. ಇವನು ಬೆರಳೆತ್ತಿದರೆ ಏರಿಸು, ಅಂಗೈ ಮಗುಚಿದರೆ ಬಿಡು. "ಕಿವಿ ಒಬ್ರದು, ಕಾಲು ಒಬ್ರದು. ತಲೆ ಯಾರ್ದು?" ಎಂದು ಚಾಲಕರು ಕೆಣಕಿದರೆ ಭಾವ ಮೇಲಿನಿಂದಲೇ ಅನ್ನುತ್ತಿದ್ದ: "ತಲೆ ಇದ್ದಿದ್ರೆ ನಿಮ್ಮ ಲಾರಿಗಳ ಸಹವಾಸಕ್ಕೆ ಬರ್ತಿದ್ವಾ?"

ಈಗಲೂ ಕಿವಿಯಣ್ಣನ ಬೆರಳು ತಾನಾಗಿ ಏಳುತ್ತದೆ. ಕ್ಯಾಬಿನ್ ಖಾಲಿ. ಎಂಜಿನ್ ಏರುವುದಿಲ್ಲ. ಆಗ ತಲೆ ಕೆರೆದುಕೊಳ್ಳುವವನಂತೆ ಕೈ ಇಳಿಸುತ್ತಾನೆ. ಚಾಲಕರನ್ನೇ ಕೂರಿಸಿದರೆ, "ಅವ್ರು ಮಾಡೋದು ತುಳಿಯೋದಲ್ಲ ಮಾವ, ಒದೆಯೋದು" ಎಂದು ನನ್ನ ಬಳಿ ಹೇಳಿಕೊಳ್ಳುತ್ತಾನೆ. ಹಾಗೆ ಸದ್ದು ಸಿಗದೆ ಕಳಿಸಿದ ಒಂದು ಲಾರಿಯ ಎಂಜಿನ್ ಇಳಿಜಾರಿನಲ್ಲಿ ಹೊಟ್ಟೆಯೊಡೆದು ನಿಂತಿತು. ಚಾಲಕ ಉಳಿದದ್ದು ದೇವರ ದಯೆ. ಅಂದಿನಿಂದ ಇವನದು ಒಂದೇ ಮಾತು: "ಅರ್ಧ ಮೇಸ್ತ್ರಿ ಆಗಿ ಜನರ ಜೀವದ ಜೊತೆ ಆಟ ಆಡ್ಲಾ? ಗ್ಯಾರೇಜಿಗೆ ಬೀಗ ಹಾಕ್ಬಿಡ್ತೀನಿ."

ಈ ವಾರ ನಾನು ಹೋದಾಗಲೂ ಮುಂಜಾವು. ತುಂಬಿದ ಲಾರಿಯೊಂದು ಬೆಟ್ಟದ ದಾರಿಗೆ ಹೊರಟು ನಿಂತಿದೆ. "ಹೋಗ್ಲೋ ಬೇಡ್ವೋ, ಒಂದು ಮಾತು ಹೇಳಿ ಅಣ್ಣಾ" ಎಂದು ಚಾಲಕ ಗೋಗರೆಯುತ್ತಾನೆ. ಇವನು ಸಲಾಕೆಯನ್ನು ಮತ್ತೆ ಎಂಜಿನ್ನಿಗೊತ್ತಿ ಕಿವಿಗೊಡುತ್ತಾನೆ. ಅಷ್ಟರಲ್ಲಿ ಇವನ ಅಕ್ಕ ಬರುತ್ತಾಳೆ. ಬಾಗಿಲ ಬಳಿ ಉಳಿದುಹೋದ ಗಂಡನ ಚಪ್ಪಲಿಗಳನ್ನು ಒಯ್ಯಲು ಬಂದವಳು. ಖಾಲಿ ಕ್ಯಾಬಿನ್ನಿನ ಕಡೆಗೆ ತಮ್ಮನ ಬೆರಳು ಏಳುವುದನ್ನು ನೋಡುತ್ತಾಳೆ. ಚಪ್ಪಲಿಗಳನ್ನು ಇದ್ದಲ್ಲೇ ಬಿಟ್ಟು ಲಾರಿಯ ಮೆಟ್ಟಿಲಿಗೆ ಕಾಲಿಡುತ್ತಾಳೆ.

"ಅಕ್ಕಾ, ನಿನಗ್ಯಾಕೆ ಇದು, ಇಳಿ."

"ಮದುವೆ ಆದಾಗಿಂದ ಹೊಲಿಗೆ ಮಿಷನ್ ತುಳೀತಿದೀನಿ ಕಣೋ. ಅಂಚು ಬಂದ ತಕ್ಷಣ ಕಾಲು ನಿಲ್ಸೋದನ್ನ ನನಗೆ ಹೇಳ್ಕೊಡ್ಬೇಡ. ನೀನು ಕೈ ತೋರ್ಸು."

ಬೆರಳು ಏಳುತ್ತದೆ. ಎಂಜಿನ್ ಏರುತ್ತದೆ, ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ. ಅಂಗೈ ಮಗುಚುತ್ತದೆ. ಕಾಲು ಬಿಡುತ್ತದೆ. ಕಿವಿಯಣ್ಣ ಇನ್ನೊಮ್ಮೆ ಕೈ ತೋರಿಸುತ್ತಾನೆ, ಮತ್ತೊಮ್ಮೆ. ಸಲಾಕೆ ಕೆಳಗಿಡುತ್ತಾನೆ.

"ಮೂರನೇ ಬೇರಿಂಗು. ಲೋಡು ಇಳಿಸಪ್ಪಾ, ಗಾಡಿ ಹೋಗಲ್ಲ."

ಚಾಲಕ ಗೊಣಗುತ್ತ ಹಗ್ಗ ಬಿಚ್ಚತೊಡಗುತ್ತಾನೆ. ಮೇಲಿನಿಂದ ಅಕ್ಕ ಕೇಳುತ್ತಾಳೆ: "ಕೇಳಿಸ್ತೇನೋ?" "ಕೇಳಿಸ್ತು ಅಕ್ಕಾ." ಅವಳು ತಕ್ಷಣ ಇಳಿಯುವುದಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಆ ಸೀಟಿನಲ್ಲೇ ಕೂತಿದ್ದಾಳೆ. ಇವನು ಎಣ್ಣೆಕೈಯನ್ನು ಬಟ್ಟೆಗೆ ಒರೆಸುತ್ತ, "ಬೀಗ ಹಾಕೋದು ಇನ್ನೊಂದಿಷ್ಟು ದಿನ ತಡೀಲಿ ಬಿಡಿ ಮಾವ" ಎನ್ನುತ್ತಾನೆ.

ಚಪ್ಪಲಿಗಳು ಇನ್ನೂ ಬಾಗಿಲಲ್ಲೇ ಇವೆ.

ಭಗವಂತಾ, ನಮ್ಮ ಹುಡುಗ ನಿನ್ನೆದುರು ಕಾಲು ಚಾಚಿ ಕೂತರೆ ತಪ್ಪೆಣಿಸಬೇಡ. ಪರರ ದಾರಿ ಸುಗಮವಾಗಲೆಂದು ಬಾಳೆಲ್ಲ ಮಡಚಿ ದುಡಿದ ಕಾಲು ಅದು. ಅದಕ್ಕಿಷ್ಟು ವಿಶ್ರಾಂತಿ ಕೊಡು. ಆ ಜೀವಕ್ಕೆ ಶಾಂತಿ ಕೊಡು.