ಉಳಿದಷ್ಟು ಸೊಪ್ಪು

ಹೃದಯಕ್ಕೆ ಹೊಸ ಕವಾಟ ಹಾಕಿದ ಮೇಲೂ ಟೈಲರಕ್ಕ ಅಂಗಡಿಯ ಹೊಲಿಗೆ, ಮನೆಯ ಅಡುಗೆ ಎರಡನ್ನೂ ಬಿಟ್ಟಿರಲಿಲ್ಲ. ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ಮಾತ್ರೆ ನುಂಗುತ್ತಿದ್ದಳು. ಆದರೂ ರಕ್ತಪರೀಕ್ಷೆಯ ಅಂಕಿ ಒಮ್ಮೆ ಏರಿದರೆ ಇನ್ನೊಮ್ಮೆ ಇಳಿಯುತ್ತಿತ್ತು.

“ಮಾತ್ರೆ ತಪ್ಪಿಸ್ತೀರೇನಮ್ಮ?” ಡಾಕ್ಟರು ಕೇಳಿದರು.

“ದೇವರಾಣೆಗೂ ಇಲ್ಲ ಡಾಕ್ಟ್ರೇ.”

“ಸೊಪ್ಪು ಎಷ್ಟು ತಿಂತೀರಿ?”

“ಉಳಿದಷ್ಟು. ಮನೆಯವ್ರಿಗೆ ಹಿಡಿಸಿದ್ರೆ ನಂಗೆ ತಳ ಬಳಿಯೋದಷ್ಟೇ. ಹಿಡಿಸ್ಲಿಲ್ಲಾಂದ್ರೆ ಪಾತ್ರೆ ಪೂರ್ತಿ ನಂದೇ!” ಎಂದು ನಕ್ಕಳು.

ಡಾಕ್ಟರು ನಗಲಿಲ್ಲ. ಸೊಪ್ಪು ಹೆಚ್ಚಾದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಬಲ ಬಂದು ಮಾತ್ರೆ ಸೋಲುತ್ತದೆ, ಕವಾಟ ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಕಡಿಮೆಯಾದರೆ ಗಾಯದ ರಕ್ತ ನಿಲ್ಲುವುದಿಲ್ಲ ಎಂದರು. “ದಿನಾ ಒಂದೇ ಅಳತೆ ತಿನ್ನಿ. ಮೊದ್ಲು ನೀವು ಬಡಿಸ್ಕೊಳ್ಳಿ.”

ಅಂದು ಊಟಕ್ಕೆ ಅವಳು ಮೊದಲು ತನ್ನ ತಟ್ಟೆಗೇ ಒಂದು ಸೌಟು ಬೇಯಿಸಿದ ಸೊಪ್ಪು ಹಾಕಿಕೊಂಡಳು.

“ಏನವ್ವಾ, ಮಹಾರಾಣಿ ಊಟ ಮೊದ್ಲಾ?” ಅತ್ತೆ ಮೂಗು ಮುರಿದರು.

ಅವಳು ಎಲ್ಲರಿಗೂ ಬಡಿಸಿದಳು. ಪಾತ್ರೆ ಖಾಲಿಯಾಯಿತು.

“ಇವತ್ತು ಸೊಪ್ಪು ಚೆನ್ನಾಗಿದೆ ಕಣೇ, ಇನ್ನೊಂಚೂರು ಹಾಕು,” ಎಂದು ಗಂಡ ತಟ್ಟೆ ಚಾಚಿದ.

ಡಾಕ್ಟರ ಮಾತು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕೈ, ಇನ್ನೂ ಮುಟ್ಟದ ತನ್ನ ಪಾಲನ್ನು ಅವನ ತಟ್ಟೆಗೆ ಸುರಿದಾಗಿತ್ತು.