ಬುರುಲ್ಚಾಳ ಸರ್ವರ್‌ಗೆ ನನ್ನ ಹಾರೈಕೆ

ನರಿನ್ ಊರಿನ ರೇಡಿಯೋದಲ್ಲಿ ಅಜ್ಜಿಯೊಬ್ಬರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಶುಭಾಶಯ ಓದುತ್ತಿದ್ದೆ. ಎದುರಿನ ಕಂಪ್ಯೂಟರ್ ಪರದೆಯ ಮೇಲೆ ಏನೋ ಪ್ರಶ್ನೆ ಮೂಡಿತು. ಪೂರ್ತಿ ಓದದೆ ‘ಹೌದು’ ಒತ್ತಿದೆ. ಯಾರಿಗೂ ಇಲ್ಲ ಎನ್ನಲಾರದ ಸ್ವಭಾವ ನನ್ನದು. ಅಪ್‌ಡೇಟ್ ಆಗಿ ಹೊಸದಾಗಿ ಬರುತ್ತೇನೆಂದು ರೇಡಿಯೋ ನಡೆಸುವ ಸರ್ವರ್ ಆರಿಹೋಯಿತು. “ನಮ್ಮ ಪ್ರೀತಿಯ ಅಜ್ಜಿ...” ಎಂಬಲ್ಲಿಗೆ ರೇಡಿಯೋ ಸ್ತಬ್ಧ. ಅಜ್ಜಿಗೇನಾಯಿತೆಂದು ನೆಂಟರೆಲ್ಲ ಅವರ ಮನೆಗೆ ಓಡಿದರಂತೆ.

ಬುರುಲ್ಚಾಳನ್ನು ಕರೆಸಿದೆವು. ತಂಗಿಯ ಮನೆಯ ಔತಣದಿಂದೆದ್ದು ಬಂದಳು, ಕೈಗಂಟಿದ ಕುರಿಕೊಬ್ಬನ್ನೂ ತೊಳೆಯದೆ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಅದು ಮುಚ್ಚಿದ ಮೇಲೆ ನಮ್ಮ ಸರ್ವರ್ ಸಾಕುತ್ತಿದ್ದಾಳೆ. ಸಾಕುವುದೇ ಸರಿಯಾದ ಮಾತು: ಚಳಿಗಾಲದಲ್ಲಿ ಅದರ ಬಿಸಿಗೆ ಮೊಸರಿನ ಉಂಡೆ ಒಣಗಿಸುತ್ತಾಳೆ, ಅದು ಕೆಟ್ಟಾಗ ಗಂಡನನ್ನೂ ಬಯ್ಯದ ಹಾಗೆ ಬಯ್ಯುತ್ತಾಳೆ. ಯಾವ ಮದುವೆಯಲ್ಲೂ ಅವಳು ಕೊನೆಯ ತನಕ ಕೂತದ್ದಿಲ್ಲ. ಮಾಂಸದ ತಟ್ಟೆ ಬರುವುದಕ್ಕೂ ಅವಳ ಫೋನ್ ಬಡಿದುಕೊಳ್ಳುವುದಕ್ಕೂ ಸರಿಹೋಗುತ್ತಿತ್ತು.

“ಬರೋ ಭಾನುವಾರ ನನ್ನ ಮಗನ ಮದುವೆ, ಬಾಯ್ಕೆ,” ಎಂದಳು. ಹಿರಿಯಣ್ಣನೆಂದು ಎಲ್ಲರೂ ನನ್ನನ್ನು ಕರೆಯುವುದು ಹಾಗೆ. “ಸೊಸೆ ಹೊಸ್ತಿಲು ದಾಟೋವಾಗ ನಾನಿಲ್ಲಿ ಮೇಜಿನ ಕೆಳಗೆ ತೂರ್ಕೊಂಡಿರ್ಬೇಕಾ? ಈ ಆಪರೇಟಿಂಗ್ ಸಿಸ್ಟಂ ಕಿತ್ತು ಲಿನಕ್ಸ್ ಹಾಕ್ತೀನಿ. ಅದು ನನ್ನ ಕೇಳದೆ ಮಲಗಲ್ಲ, ನನ್ನ ಕೇಳದೆ ಏಳಲ್ಲ.”

ರೇಡಿಯೋದವರ ಸಭೆ ಸೇರಿತು. ನಮ್ಮಲ್ಲಿ ಹಿರಿಯ ಬಾಯಿ ಬಿಡುವ ಮುನ್ನ ಉಳಿದವರು ಮಾತಾಡುವಂತಿಲ್ಲ, ಬಿಟ್ಟ ಮೇಲೆ ಎದುರಾಡುವಂತಿಲ್ಲ. ಹಿರಿಯ ನಾನೇ. ಸರ್ವರ್ ಬಗ್ಗೆ ನನಗೆ ತಿಳಿದಿದ್ದುದು ಅದರ ಪಕ್ಕ ಕೂತರೆ ಬೆಚ್ಚಗಿರುತ್ತದೆ ಎಂಬುದೊಂದೇ.

“ಲಿನಕ್ಸಲ್ಲಿ ಕಪ್ಪು ಪರದೆ ಮೇಲೆ ಬರೀ ಅಕ್ಷರ ಅಂತೆ,” ಎಂದು ಗಡ್ಡ ನೀವಿದೆ. “ಹಳೇದ್ರಲ್ಲಿ ಚಂದದ ಚಿತ್ರ ಇದೆ, ಒತ್ತೋಕೆ ಗುಂಡಿ ಇದೆ. ಹಳೇದೇ ಇರ್ಲಿ.”

ಬುರುಲ್ಚಾ ಕೆಟಲ್ ಎತ್ತಿ ನನ್ನ ಬಟ್ಟಲಿಗೆ ಚಹಾ ಸುರಿದಳು, ಅಂಚಿನವರೆಗೆ. ನಮ್ಮಲ್ಲಿ ಅರ್ಧ ಬಟ್ಟಲು ಕೊಟ್ಟರೆ ಇನ್ನೂ ಕೂತಿರಿ ಎಂದರ್ಥ. ತುಂಬಿ ಕೊಟ್ಟರೆ, ಕುಡಿದು ಮನೆಗೆ ನಡೆಯಿರಿ ಎಂದು. ಧ್ವನಿ ವಿಭಾಗದ ಎಸೆನ್ ಚಾವಣಿ ನೋಡತೊಡಗಿದ.

“ಅಂದ್ರೆ... ಹಳೇದು ಕಪಾಟಲ್ಲಿರ್ಲಿ,” ಎಂದೆ. “ಸರ್ವರ್‌ಗೆ ನಿನ್ನದೇ ಹಾಕಮ್ಮ.” ಅಂಗೈ ಬಿಚ್ಚಿ ಹರಸಿ ಮುಖ ಸವರಿಕೊಂಡೆ. ಹಾಗೇ ಆಗಲೆಂದು ಎಲ್ಲರೂ “ಓಮಿನ್” ಎಂದರು. ಅವಳು ಬಟ್ಟಲು ಕಸಿದು, ಚಹಾ ಚೆಲ್ಲಿ, ಅರ್ಧ ತುಂಬಿಸಿ ಮತ್ತೆ ಕೈಗಿಟ್ಟಳು.

ಭಾನುವಾರ ಸೊಸೆ ಹೊಸ್ತಿಲು ದಾಟಿದಳು. ಬುರುಲ್ಚಾ ತಾನೇ ಅವಳ ತಲೆಗೆ ಬಿಳಿ ವಸ್ತ್ರ ಕಟ್ಟಿದಳು, ಒಂದಿಷ್ಟು ಅತ್ತಳು, ಕೂತು ಉಂಡಳು. ಫೋನ್ ಕುಯ್ಯೆನ್ನಲಿಲ್ಲ. ಬೀಗರಿಗೆಲ್ಲ ಕೇಳುವ ಹಾಗೆ ನಾನು ಎದ್ದು ನಿಂತೆ.

“ಬುರುಲ್ಚಾ, ರೇಡಿಯೋದಿಂದ ಒಂದು ಕರೇನೂ ಬರ್ಲಿಲ್ಲ ನೋಡು. ನಾನು ಹರಸಿದ್ದರ ಮಹಿಮೆ, ಅಲ್ವಾ?”

ಎಲುಬಿನಿಂದ ಮಾಂಸ ಬಿಡಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು:

“ನೀವೂ ಇಲ್ಲೇ ಇದೀರಲ್ಲ, ಬಾಯ್ಕೆ.”