ಕಮಲಾಕ್ಷಿ ಹೋದ ಮೇಲಿನ ಆಟ

ಧಪ್! ರಬ್ಬರ್ ರಿಂಗು ಅಂಗೈಗೆ ಬಂದು ಬೀಳುವ ಆ ಸದ್ದು, ಅಡುಗೆಮನೆಯಲ್ಲಿ ಯಾರಾದರೂ ಚಪಾತಿ ಹಿಟ್ಟನ್ನು ಕಟ್ಟೆಗೆ ಕುಕ್ಕಿದಾಗಲೆಲ್ಲ ನನ್ನ ಕಿವಿಯಲ್ಲಿ ಮರುಕಳಿಸುತ್ತದೆ. ಅರವತ್ತರ ದಶಕದ ಆದಿ; ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಂಥದೊಂದರಲ್ಲಿ ಎರಡು ಸರ್ವೆ ಮರದ ಕಂಬ ನೆಟ್ಟು, ಬಲೆ ಕಟ್ಟಿ, ಶುಕ್ರವಾರದ ಇಳಿಹೊತ್ತಿನಲ್ಲಿ ನಾವು ಗೃಹಿಣಿಯರು ಟೆನಿಕಾಯ್ಟ್ ಆಡುತ್ತಿದ್ದೆವು. ಕಾನ್ವೆಂಟಿನ ವಿದ್ಯೆಗಳಲ್ಲಿ ನನ್ನ ಗೃಹಸ್ಥಾಶ್ರಮಕ್ಕೆ ಒದಗಿದ್ದು ಇದೊಂದೇ. ಸಿಸ್ಟರ್‌ಗಳು ತಿದ್ದಿ ತೀಡಿದ್ದ ಪೋಸ್ಚರ್ ಎರಡು ಹೆರಿಗೆಗಳಲ್ಲಿ ಅಂತರ್ಧಾನವಾಗಿತ್ತು.

ಕ್ಯಾಪ್ಟನ್ ಕಮಲಾಕ್ಷಿ, ಗಂಟಲಿನ ಬಲದಿಂದಲೇ ಅವಿರೋಧವಾಗಿ ಆಯ್ಕೆಯಾದವಳು. ಒಂದೇ ಕೈಯಲ್ಲಿ ಹಿಡಿಯಬೇಕಾದ ರಿಂಗಿಗೆ ನಾನು ಎರಡೂ ಕೈ ಚಾಚಿ ಫೌಲ್ ಮಾಡಿದಾಗಲೆಲ್ಲ, "ಏನ್ರೀ ಮೇಡಂ, ರಿಂಗು ಹಿಡೀತೀರೋ, ಆರತಿ ಎತ್ತುತೀರೋ?" ಎಂದು ಬೀದಿಗೆಲ್ಲ ಕೇಳುವಂತೆ ಹಂಗಿಸುತ್ತಿದ್ದಳು. ಆಕೆಯದೊಂದು ರೂಲ್: ಆಟ ಮುಗಿದ ಮೇಲೆ ಎಲ್ಲರಿಗೂ ನಿಂಬೆ ಪಾನಕ; ಅರಿಶಿನ-ಕುಂಕುಮವೆಲ್ಲ ಅವರವರ ಮನೆಯಲ್ಲಿ. ಕಾರಣ ಕೇಳಿದವರಿಲ್ಲ, ಏಕೆಂದರೆ ಕಾರಣ ಕಣ್ಣೆದುರೇ ಸೆರಗು ಬಿಗಿದು ನಿಂತಿತ್ತು: ಇಂದಿರೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಪಕ್ಕದ ಸಿದ್ದಾಪುರದಲ್ಲಿ ಅಣ್ಣನ ಮನೆ ಸೇರಿದ್ದ ಅವಳು ವಾರಕ್ಕೊಮ್ಮೆ ಹೊಸ್ತಿಲು ದಾಟುತ್ತಿದ್ದುದು ಈ ಆಟಕ್ಕೆ ಮಾತ್ರ. ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವಳೂ ಅವಳೇ.

ಕಮಲಾಕ್ಷಿಯ ಗಂಡನಿಗೆ ದಾವಣಗೆರೆಗೆ ಟ್ರಾನ್ಸ್‌ಫರ್ ಆಯಿತು. ನಿಜ ಹೇಳಲೇ? ನಮಗೆಲ್ಲ ಒಳಗೊಳಗೇ ಹಾಯೆನಿಸಿತು. ಗುಂಪಿನಲ್ಲಿ ಒಂದು ಬಾಯಿ ಕಡಿಮೆಯಾಯಿತೆಂದುಕೊಂಡೆವು, ಕಡಿಮೆಯಾದದ್ದು ಬೆನ್ನೆಲುಬು. ಜಗಳ ನಿಂತಿತು, ನಯ ಬಂತು, ಫೌಲಾದರೂ "ಪರವಾಗಿಲ್ಲ ಬಿಡ್ರೀ" ಎನ್ನುವ ಸೌಜನ್ಯ ಬಂತು. ಸೌಜನ್ಯದ ಬೆನ್ನಿಗೇ, ಎದುರುಮನೆ ಪದ್ಮಕ್ಕನ ಬೆಳ್ಳಿ ತಟ್ಟೆಯೂ ಬಂತು. "ಶುಕ್ರವಾರದ ದಿನ ಮುತ್ತೈದೆಯರು ಕುಂಕುಮ ಇಟ್ಕೊಳ್ದೆ ಹೋಗೋದಾ? ನೀವೇ ಹೇಳ್ರಮ್ಮ!" ಯಾರೂ ಏನೂ ಹೇಳಲಿಲ್ಲ. ಇಂದಿರೆಗೆ ಬರಬೇಡವೆಂದೂ ಯಾರೂ ಹೇಳಲಿಲ್ಲ, ಅಷ್ಟು ಒಳ್ಳೆಯ ಮನೆತನದವರು ನಾವು. ಆಮೇಲೂ ಗುಂಪು ವರ್ಷಗಟ್ಟಲೆ ನಡೆಯಿತು. ಲೇಡೀಸ್ ಕ್ಲಬ್ ಎಂಬ ಬೋರ್ಡು, ವರಮಹಾಲಕ್ಷ್ಮಿ, ರಂಗೋಲಿ ಕಾಂಪಿಟಿಷನ್. ನಾನು ಸೆಕ್ರೆಟರಿಯೂ ಆದೆ. ಬಲೆಯನ್ನು ಯಾರೋ ಅವರೆ ಬಳ್ಳಿ ಹಬ್ಬಿಸಲು ಒಯ್ದರು.

ತಟ್ಟೆ ಬಂದ ಆ ಸಂಜೆಯೇ ನಾನು ಇಂದಿರೆಯನ್ನು ಕೊನೆಯದಾಗಿ ಕಂಡದ್ದು. ನನ್ನ ಹಣೆ ಮುಗಿಸಿಕೊಂಡ ತಟ್ಟೆ ಪಕ್ಕದಲ್ಲಿದ್ದ ಅವಳನ್ನು ದಾಟಿಕೊಂಡು ಆಚೆಯವಳ ಮುಂದೆ ನಿಂತಿತು. ಇಂದಿರೆ ಕೈಯಲ್ಲಿದ್ದ ರಿಂಗನ್ನು ಸದ್ದಾಗದಂತೆ ಕಂಬಕ್ಕೆ ತೊಡಿಸಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ, ಮೈತುಂಬ ಹೊದ್ದು, ಸಿದ್ದಾಪುರದ ಕಡೆ ನಡೆದಳು.